ನವೆಂಬರ್‌ನಲ್ಲೇ ಮಾತು ಕೊಡಬೇಕೆ? ಅಮೆರಿಕದ ಸಣ್ಣ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆನ್ನುವವರಿಗೆ ಒಂದು ಹೋಲಿಕೆ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ತಮ್ಮ ಫೋನ್ ಮಾಡಿದ. ಅವನ ಮಗ ಆಗ ಸೆಕೆಂಡ್ ಪಿಯುಸಿ. ಫಿಸಿಕ್ಸ್ ಎಂದರೆ ಊಟ ಬಿಡುವ ಹುಡುಗ. “ಅಕ್ಕಾ, ಇವನು ಯಾವುದೋ ಇ.ಡಿ. ಹಾಕ್ತೀನಿ ಅಂತಿದಾನೆ. ನಮಗೆ ಗೊತ್ತಿರೋ ಇ.ಡಿ. ಒಂದೇ. ಅದರ ಕೈಗೆ ಸಿಕ್ಕಿದ್ರೆ ಬಿಡಿಸಿಕೊಳ್ಳೋದು ಕಷ್ಟ ಅಲ್ವಾ?” ನಾನು ನಕ್ಕುಬಿಟ್ಟೆ. ಅವನ ಮಗ ಹೇಳಿದ ಇ.ಡಿ. ಎಂದರೆ ಅರ್ಲಿ ಡಿಸಿಷನ್, ಸೀಟು ಸಿಕ್ಕರೆ ಸೇರಿಯೇ ಸೇರುತ್ತೇನೆ ಎಂದು ಮೊದಲೇ ಮಾತು ಕೊಟ್ಟು ಹಾಕುವ ಅರ್ಜಿ. ಆಮೇಲೆ ಯೋಚಿಸಿದರೆ, ಅದಕ್ಕೂ ಅದೇ ಮಾತು ಸರಿಯಾಗಿ ಹೊಂದುತ್ತದೆ.

ಅವನ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು: “ಸೈನ್ಸ್ ಓದೋಕೆ ಆರ್ಟ್ಸ್ ಕಾಲೇಜಿಗೆ ಯಾಕೆ ಹೋಗ್ಬೇಕು?”

ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ, ಎಲ್ಲಿ ಪಕ್ಷಪಾತವಿದೆ ಎಂದು ನೀವೇ ಅಳೆದುಕೊಳ್ಳಬಹುದು. ಬಿ.ಎಸ್ಸಿ., ಎಂ.ಎಸ್ಸಿ. ಮೈಸೂರಿನಲ್ಲಿ. ಪಿಎಚ್.ಡಿ. ಅಮೆರಿಕದ ಮಧ್ಯಭಾಗದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ರಸಾಯನಶಾಸ್ತ್ರ. ಅಲ್ಲಿ ನಾಲ್ಕು ವರ್ಷ ಮೊದಲ ವರ್ಷದ ಮಕ್ಕಳಿಗೆ ಲ್ಯಾಬ್ ಮಾಡಿಸಿದೆ. ಮಗಳು ಅರ್ಲಿ ಡಿಸಿಷನ್‌ನಲ್ಲೇ ಒಂದು ಸಣ್ಣ ಕಾಲೇಜು ಸೇರಿ, ಕೆಮಿಸ್ಟ್ರಿ ಓದಿ, ಈ ವರ್ಷ ಹೊರಬಿದ್ದಳು. ಅಂದರೆ ಸಣ್ಣದು, ದೊಡ್ಡದು ಎರಡನ್ನೂ ನೋಡಿದವಳು. ಒಂದನ್ನು ಸಂಬಳ ತೆಗೆದುಕೊಂಡು, ಇನ್ನೊಂದನ್ನು ಫೀಸು ಕಟ್ಟಿ.

ಆ ‘ಆರ್ಟ್ಸ್’ ಈ ಆರ್ಟ್ಸ್ ಅಲ್ಲ

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಕ್ಕಳನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಮೂರು ಬುಟ್ಟಿಗೆ ಹಾಕುತ್ತಾರೆ. ಹಾಗಾಗಿ ಲಿಬರಲ್ ಆರ್ಟ್ಸ್ ಎಂದ ತಕ್ಷಣ ನೆಂಟರೆಲ್ಲ ‘ಪಾಪ, ಸೈನ್ಸ್ ಸಿಗಲಿಲ್ಲ’ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಆ ಹೆಸರಿನ ಕಾಲೇಜು ಎಂದರೆ ಪದವಿ ಓದುವವರೇ ಇರುವ, ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳು ಇಲ್ಲದ ಅಥವಾ ಬೆರಳೆಣಿಕೆಯಷ್ಟಿರುವ, ಸಾವಿರದಿಂದ ಮೂರು ಸಾವಿರ ಮಕ್ಕಳ ವಸತಿ ಕಾಲೇಜು. ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಅದರೊಳಗೇ ಇವೆ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ 1793ರದು, ಆಮ್ಹರ್ಸ್ಟ್ 1821ರದು. ಎರಡರಲ್ಲೂ ಫಿಸಿಕ್ಸ್ ಓದಿದವರಿಗೂ ಸಿಗುವುದು ಬಿ.ಎ. ಪದವಿಯೇ. ‘ಬಿ.ಎ. ಇನ್ ಫಿಸಿಕ್ಸ್’ ಎಂದರೆ ನಮ್ಮೂರ ಮದುವೆ ಮಾತುಕತೆಯಲ್ಲಿ ಯಾರಾದರೂ ಕೆಮ್ಮುತ್ತಾರೆ, ಅಷ್ಟೇ. ಪಿಎಚ್.ಡಿ. ಪ್ರವೇಶಕ್ಕೂ ಕೆಲಸಕ್ಕೂ ಅದರಿಂದ ಕುಂದಿಲ್ಲ.

ಹೆಸರು ಕೇಳಿಲ್ಲ ಎನ್ನುವವರಿಗೆ ನಾಲ್ಕು ಜನರನ್ನು ತೋರಿಸುತ್ತೇನೆ. ಜೀನ್ ಎಡಿಟಿಂಗ್‌ಗೆ 2020ರಲ್ಲಿ ನೊಬೆಲ್ ಪಡೆದ ಜೆನ್ನಿಫರ್ ಡೌಡ್ನಾ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ. ಆರ್‌ಎನ್‌ಎ ತಾನೇ ಕಿಣ್ವದಂತೆ ಕೆಲಸ ಮಾಡಬಲ್ಲದು ಎಂದು ತೋರಿಸಿ 1989ರಲ್ಲಿ ನೊಬೆಲ್ ಪಡೆದ ಥಾಮಸ್ ಚೆಕ್, ಅಯೋವಾದ ಜೋಳದ ಹೊಲಗಳ ನಡುವಿನ ಗ್ರಿನ್ನೆಲ್‌ನವರು. 1975ರ ವೈದ್ಯಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಇಬ್ಬರು, ಡೇವಿಡ್ ಬಾಲ್ಟಿಮೋರ್ ಮತ್ತು ಹೋವರ್ಡ್ ಟೆಮಿನ್, ಫಿಲಡೆಲ್ಫಿಯಾ ಹತ್ತಿರದ ಸ್ವಾರ್ತ್‌ಮೋರ್ ಎಂಬ ಒಂದೇ ಪುಟ್ಟ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಆದರೆ ಈ ಪಟ್ಟಿ ಸಂಬಂಧಿಕರ ಬಾಯಿ ಮುಚ್ಚಿಸಲು ಸಾಕು, ಕಾಲೇಜು ಆರಿಸಲು ಸಾಲದು. ಪ್ರತಿಭಾವಂತರು ಎಲ್ಲಿ ಓದಿದ್ದರೂ ಮೇಲೆ ಬರುತ್ತಿದ್ದರೇನೋ.

ಯಾವ ಸುತ್ತು ಯಾವುದಕ್ಕೆ

ಅರ್ಲಿ ಡಿಸಿಷನ್ ಎಂದರೆ ತಾಂಬೂಲ ಬದಲಾಯಿಸಿದ ಹಾಗೆ. ಈ ಸುತ್ತಿನಲ್ಲಿ ಒಂದೇ ಕಾಲೇಜಿಗೆ ಹಾಕಬೇಕು. ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ನವೆಂಬರ್ 1 ಅಥವಾ 15ರೊಳಗೆ ಅರ್ಜಿ, ಡಿಸೆಂಬರ್ ನಡುವಿಗೆ ಉತ್ತರ. ಸೀಟು ಸಿಕ್ಕರೆ ಸೇರಲೇಬೇಕು, ಬೇರೆಡೆ ಹಾಕಿದ ಅರ್ಜಿಗಳನ್ನೆಲ್ಲ ಹಿಂತೆಗೆಯಬೇಕು. ಎರಡನೇ ಇ.ಡಿ. ಸುತ್ತು ಎಂದು ಇನ್ನೊಂದಿದೆ: ಕರಾರು ಅದೇ, ಅರ್ಜಿ ಜನವರಿ ಮೊದಲ ಭಾಗದಲ್ಲಿ, ಉತ್ತರ ಫೆಬ್ರವರಿಯಲ್ಲಿ. ಸ್ವಾರ್ತ್‌ಮೋರ್, ಪೊಮೋನಾ, ಗ್ರಿನ್ನೆಲ್, ಕಾರ್ಲ್‌ಟನ್, ಹಾರ್ವಿ ಮಡ್ ಇಂಥವು ಎರಡೂ ಸುತ್ತು ಇಟ್ಟಿವೆ. ವಿಲಿಯಮ್ಸ್, ಆಮ್ಹರ್ಸ್ಟ್‌ಗಳಲ್ಲಿ ಒಂದೇ.

ಅರ್ಲಿ ಆ್ಯಕ್ಷನ್ ಎಂದರೆ ಹೆಣ್ಣು ನೋಡುವ ಶಾಸ್ತ್ರ ಬೇಗ ಮುಗಿಸಿದಂತೆ. ಉತ್ತರ ಬೇಗ ಬರುತ್ತದೆ, ಒಪ್ಪುವುದು ಬಿಡುವುದು ಮೇ 1ರವರೆಗೆ ನಿಮ್ಮ ಕೈಯಲ್ಲೇ. ಇಲಿನಾಯ್, ಪರ್ಡ್ಯೂ ಮುಂತಾದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದೇ ರೂಢಿ. ಸಣ್ಣ ಕಾಲೇಜುಗಳಲ್ಲಿ ಕಡಿಮೆ, ಆದರೆ ಇಲ್ಲದಿಲ್ಲ; ಓರೆಗಾನ್‌ನ ರೀಡ್, ಮಿನೆಸೋಟದ ಮೆಕಾಲಸ್ಟರ್ ಕೊಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ಮಧ್ಯದ ದಾರಿ: ಸೇರಲೇಬೇಕೆಂಬ ಕಟ್ಟುಪಾಡಿಲ್ಲ, ಆದರೆ ಅಲ್ಲಿ ಹಾಕಿದರೆ ಬೇರೆಡೆ ಇ.ಡಿ. ಹಾಕುವಂತಿಲ್ಲ. ಕೊನೆಯದು ಎಲ್ಲರೂ ಹಾಕುವ ರೆಗ್ಯುಲರ್ ಸುತ್ತು. ಜನವರಿಯಲ್ಲಿ ಅರ್ಜಿ, ಮಾರ್ಚ್ ಕೊನೆಗೆ ಉತ್ತರ.

ಇ.ಡಿ.ಯಲ್ಲಿ ಸೀಟು ಸಿಗುವ ಸಾಧ್ಯತೆ ಹೆಚ್ಚು ಎಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಣ್ಣ ಕಾಲೇಜುಗಳು ಅರ್ಧದಷ್ಟು, ಕೆಲವು ಅದಕ್ಕೂ ಹೆಚ್ಚು ಸೀಟನ್ನು ಇ.ಡಿ.ಯಲ್ಲೇ ತುಂಬಿಸಿಕೊಳ್ಳುತ್ತವೆ. ಕಾರಣ ಸರಳ. ಐನೂರು ಸೀಟಿನ ಕಾಲೇಜಿಗೆ ಯಾರು ಬರುತ್ತಾರೆ, ಯಾರು ಕೈಕೊಡುತ್ತಾರೆ ಎಂಬ ಲೆಕ್ಕ ತಪ್ಪಿದರೆ ಹಾಸ್ಟೆಲ್ ಕೋಣೆ ಸಾಲದು, ಇಲ್ಲವೇ ಖಾಲಿ ಬೀಳುತ್ತದೆ. ‘ಖಂಡಿತ ಬರುತ್ತೇನೆ’ ಎನ್ನುವವರಿಗೆ ಬೆಲೆ ಜಾಸ್ತಿ. ಆದರೆ ಆ ಅರ್ಧದಲ್ಲಿ ಕೋಚ್‌ಗಳು ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳು ಬಹಳ ಜನ. ವಿಲಿಯಮ್ಸ್, ಆಮ್ಹರ್ಸ್ಟ್‌ನಂಥ ಕಡೆ ಕ್ರೀಡೆಗೆಂದು ಸ್ಕಾಲರ್‌ಶಿಪ್ ಇಲ್ಲ, ಆದರೆ ತಂಡ ಕಟ್ಟಲೇಬೇಕು. ಹಾಗಾಗಿ ಕೋಚ್ ಹೇಳುವುದು ‘ಇ.ಡಿ. ಹಾಕು’ ಎಂದು. ಪ್ರಕಟವಾದ ಶೇಕಡಾವಾರಿನಿಂದ ಇವರನ್ನು ಕಳೆದರೆ ಉಳಿದವರಿಗೆ ಸಿಗುವ ಅನುಕೂಲ ಸಣ್ಣದಾಗುತ್ತದೆ. ಶಾಟ್‌ಪುಟ್ ಎಸೆಯದ, ಸ್ಕ್ವಾಷ್ ಆಡದ ನಮ್ಮ ಮಕ್ಕಳು ಆ ದೊಡ್ಡ ಅಂಕಿ ನೋಡಿ ಮೈಮರೆಯಬಾರದು.

ಇ.ಡಿ.ಯಲ್ಲಿ ಮೂರು ಉತ್ತರ ಬರಬಹುದು: ಸಿಕ್ಕಿತು, ಇಲ್ಲ, ಮುಂದೂಡಿದ್ದೇವೆ. ಮುಂದೂಡಿದರೆ ಅರ್ಜಿ ರೆಗ್ಯುಲರ್ ಸುತ್ತಿಗೆ ಹೋಗುತ್ತದೆ, ಕೊಟ್ಟ ಮಾತಿನಿಂದ ಬಿಡುಗಡೆಯೂ ಆಗುತ್ತದೆ. ಸಿಕ್ಕಿಯೂ ಹೋಗದೆ ತಪ್ಪಿಸಿಕೊಂಡರೆ ಪೊಲೀಸರೇನೂ ಬರುವುದಿಲ್ಲ. ಆದರೆ ಸಹಿ ಹಾಕಿದ ಶಾಲೆಯ ಹೆಸರು ಕೆಡುತ್ತದೆ, ಮುಂದಿನ ವರ್ಷ ಅದೇ ಶಾಲೆಯಿಂದ ಅರ್ಜಿ ಹಾಕುವ ಮಗು ಅನುಭವಿಸುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇಂಥದ್ದಕ್ಕೇ. ಗೌರವದಿಂದ ಹೊರಬರಲು ಇರುವ ಬಾಗಿಲು ಒಂದೇ, ಹಣದ್ದು: ಕೊಟ್ಟ ನೆರವಿನಲ್ಲಿ ಓದಿಸಲು ಆಗುವುದೇ ಇಲ್ಲ ಎಂದರೆ ಬಿಡುತ್ತಾರೆ.

ಲ್ಯಾಬ್‌ನಲ್ಲಿ ಪಕ್ಕದಲ್ಲಿ ಯಾರು?

ನನ್ನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಕೆಮಿಸ್ಟ್ರಿ ಪಾಠಕ್ಕೆ ಮುನ್ನೂರೈವತ್ತು ಮಕ್ಕಳು. ಪ್ರೊಫೆಸರ್ ಅದ್ಭುತವಾಗಿ ಪಾಠ ಮಾಡುತ್ತಿದ್ದರು, ನಾನೂ ಹಿಂದಿನ ಸಾಲಲ್ಲಿ ಕೂತು ಕೇಳಿದ್ದೇನೆ. ಆದರೆ ಲ್ಯಾಬ್‌ನಲ್ಲಿ ಆ ಮಕ್ಕಳ ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನು. ದೇಶಕ್ಕೆ ಬಂದು ಮೂರು ವಾರವಾಗಿತ್ತು. ಅವರ ಉಚ್ಚಾರಣೆ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ. ಟೈಟ್ರೇಷನ್ ಯಾಕೆ ಕೆಟ್ಟಿತು ಎಂದು ಕೇಳಿದ ಹುಡುಗಿಗೆ ಕೊಟ್ಟ ಅರೆಬರೆ ಉತ್ತರ ಇನ್ನೂ ನೆನಪಿದೆ. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಯಂತ್ರದ ಸರದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೇ ಸಾಲುತ್ತಿರಲಿಲ್ಲ, ಪದವಿ ಮಕ್ಕಳು ಅದನ್ನು ಗಾಜಿನಾಚೆಯಿಂದ ನೋಡುತ್ತಿದ್ದರು.

ಮಗಳು ಎರಡನೇ ವರ್ಷದಲ್ಲಿ ಅದೇ ಯಂತ್ರವನ್ನು ತಾನೇ ಓಡಿಸುತ್ತಿದ್ದಳು. ಅವಳು ಜಾಣೆ ಎಂದಲ್ಲ, ಓಡಿಸಲು ಬೇರೆ ಯಾರೂ ಇರಲಿಲ್ಲ. ಸಣ್ಣ ಕಾಲೇಜಿನ ಗುಟ್ಟೆಲ್ಲ ಇಲ್ಲಿದೆ. ಪ್ರೊಫೆಸರ್‌ಗೆ ಸಂಶೋಧನೆ ಮಾಡಬೇಕು, ಪಿಎಚ್.ಡಿ. ವಿದ್ಯಾರ್ಥಿಗಳು ಇಲ್ಲ, ಇರುವುದು ಹತ್ತೊಂಬತ್ತು ವರ್ಷದ ಮಕ್ಕಳು. ಅವರಿಗೇ ಕಲಿಸಿ, ಅವರ ಕೈಯಿಂದಲೇ ಕೆಲಸ ತೆಗೆಯಬೇಕು. ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಸಂಶೋಧನಾ ಅಣುಸ್ಥಾವರವೇ ಇದೆ, ಅದನ್ನು ನಡೆಸುವ ಲೈಸೆನ್ಸ್ ಪಡೆದವರಲ್ಲಿ ಹೆಚ್ಚಿನವರು ಪದವಿ ವಿದ್ಯಾರ್ಥಿಗಳು. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಎಂಬ ಕ್ರಮವಿದೆ: ಇಬ್ಬರು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕ, ವಾರಕ್ಕೊಮ್ಮೆ ಮುಖಾಮುಖಿ. ಓದದೆ ಹೋದರೆ ಅಡಗಲು ಜಾಗವಿಲ್ಲ. ರೀಡ್, ಹ್ಯಾವರ್‌ಫರ್ಡ್, ಒಹಾಯೊದ ವೂಸ್ಟರ್‌ಗಳಲ್ಲಿ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಸ್ವತಂತ್ರ ಪ್ರಬಂಧ ಅಥವಾ ಸಂಶೋಧನೆ ಮುಗಿಸಲೇಬೇಕು.

ಇದರ ಫಲ ಲೆಕ್ಕದಲ್ಲೂ ಕಾಣುತ್ತದೆ. ಪದವೀಧರರಲ್ಲಿ ನೂರಕ್ಕೆ ಎಷ್ಟು ಮಂದಿ ಮುಂದೆ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು ಎಂದು ನೋಡಿದರೆ ಹಾರ್ವಿ ಮಡ್, ರೀಡ್, ಸ್ವಾರ್ತ್‌ಮೋರ್, ಕಾರ್ಲ್‌ಟನ್, ಗ್ರಿನ್ನೆಲ್‌ಗಳು ಕ್ಯಾಲ್‌ಟೆಕ್, ಎಂಐಟಿಗಳ ಸಾಲಿನಲ್ಲೇ ಮುಂದೆ ನಿಲ್ಲುತ್ತವೆ. ಒಟ್ಟು ತಲೆ ಎಣಿಸಿದರೆ ಬರ್ಕ್ಲಿಯಂಥ ದೊಡ್ಡವು ಮುಂದೆ. ಎರಡೂ ಅಂಕಿ ನಿಜ. ಕಾಲೇಜಿನ ಕರಪತ್ರ ತನಗೆ ಬೇಕಾದ್ದನ್ನು ಮಾತ್ರ ಅಚ್ಚು ಹಾಕುತ್ತದೆ.

ಈಗ ಇನ್ನೊಂದು ಮುಖ. ನನ್ನ ಮಗಳ ವಿಭಾಗದಲ್ಲಿ ಅಧ್ಯಾಪಕರು ಏಳು ಜನ. ಮೂರನೇ ವರ್ಷ ಅವಳಿಗೆ ಬೇಕಿದ್ದ ಭೌತ ರಸಾಯನದ ಮುಂದಿನ ಕೋರ್ಸ್ ಕಲಿಸುವವರು ಸಬ್ಯಾಟಿಕಲ್ ರಜೆಯ ಮೇಲೆ ಹೋದರು. ಬೇರೆಯವರಿಲ್ಲ, ಕೋರ್ಸೇ ಇಲ್ಲ. ಕೈಪಿಡಿಯಲ್ಲಿ ಮಾತ್ರ ಅದರ ಹೆಸರು ಮುದ್ದಾಗಿ ಕೂತಿತ್ತು. ‘ವರ್ಷ ಬಿಟ್ಟು ವರ್ಷ’ ಎಂಬ ಸಣ್ಣಕ್ಷರದ ಸಾಲನ್ನು ಇ.ಡಿ. ಹಾಕುವ ಮೊದಲು ನಾವಿಬ್ಬರೂ ಓದಿರಲಿಲ್ಲ, ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡಿದ ನಾನೂ ಓದಿರಲಿಲ್ಲ. ಅವಳ ಹೈಸ್ಕೂಲ್ ಗೆಳೆಯ ದೊಡ್ಡ ವಿಶ್ವವಿದ್ಯಾಲಯ ಸೇರಿದವನು, ಮೂರನೇ ವರ್ಷದಲ್ಲೇ ಪಿಎಚ್.ಡಿ. ಮಟ್ಟದ ಎರಡು ಕೋರ್ಸ್ ಮುಗಿಸಿದ್ದ. ಆ ಬಾಗಿಲು ಅವಳಿಗೆ ಇರಲೇ ಇಲ್ಲ.

ವಿಷಯ ಯಾವುದು ಎನ್ನುವುದು ಮುಖ್ಯ

ಜೀವಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಸಣ್ಣ ಕಾಲೇಜು ಬಹಳ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕೈಕೆಲಸದ ವಿದ್ಯೆ ಅದು. ಪಕ್ಕದಲ್ಲಿ ನಿಂತು ಕಲಿಸುವವರು ಬೇಕು. ಭೂವಿಜ್ಞಾನಕ್ಕೂ ಹಾಗೆಯೇ.

ಗಣಿತದಲ್ಲಿ ಎರಡು ಬಗೆಯ ಮಕ್ಕಳು. ಸಾಮಾನ್ಯ ವೇಗದವರಿಗೆ ಸಣ್ಣ ಕಾಲೇಜಿನ ಮೇಷ್ಟ್ರು ವರದಾನ. ಹೈಸ್ಕೂಲಿನಲ್ಲೇ ಲೀನಿಯರ್ ಆಲ್ಜೀಬ್ರಾ ಮುಗಿಸಿ ಬರುವ ಒಲಿಂಪಿಯಾಡ್ ಮಕ್ಕಳಿಗೆ ಮೂರನೇ ವರ್ಷಕ್ಕೆ ಕೋರ್ಸುಗಳೇ ಖಾಲಿ. ಇಂಥವರನ್ನು ಕಾಲೇಜುಗಳು ಒಂದು ಸೆಮಿಸ್ಟರ್ ಹೊರಗೆ ಕಳಿಸುತ್ತವೆ. 1985ರಿಂದ ನಡೆಯುತ್ತಿರುವ ಬುಡಾಪೆಸ್ಟ್‌ನ ಗಣಿತ ಸೆಮಿಸ್ಟರ್ ಸಣ್ಣ ಕಾಲೇಜಿನವರಿಗೆ ಚಿರಪರಿಚಿತ. ಭೌತಶಾಸ್ತ್ರದ ಪ್ರಾಯೋಗಿಕ ಕೆಲಸಕ್ಕೆ ಸಣ್ಣದು ಸೈ, ಆದರೆ ಕಣಭೌತಶಾಸ್ತ್ರದ ದೊಡ್ಡ ಪ್ರಯೋಗಗಳ ರುಚಿ ಹತ್ತಿದವರು ದೊಡ್ಡ ಕಡೆಗೇ ನೋಡಲಿ. ಬೇಸಿಗೆಯಲ್ಲಿ ಹೋಗಿ ಮಾಡಬಹುದು ಎನ್ನುತ್ತಾರೆ. ಆ ಬೇಸಿಗೆಗೂ ಪಾಸ್‌ಪೋರ್ಟಿಗೂ ಒಂದು ಗಂಟಿದೆ, ಮುಂದೆ ಹೇಳುತ್ತೇನೆ.

ಕಂಪ್ಯೂಟರ್ ಸೈನ್ಸ್‌ನ ಕಥೆ ಬೇರೆ. ಬೇಡಿಕೆ ವಿಪರೀತ, ಅಧ್ಯಾಪಕರು ಕಡಿಮೆ. ಸಣ್ಣ ಕಾಲೇಜುಗಳಲ್ಲೂ ಕೋರ್ಸಿಗೆ ಲಾಟರಿ ಎತ್ತುವ ಸ್ಥಿತಿ ಇದೆ. ಹದಿನೈದು ಮಕ್ಕಳ ತರಗತಿ ಎಂದು ಆಸೆಪಟ್ಟು ಹೋಗಿ, ಆ ಹದಿನೈದರಲ್ಲಿ ಸೀಟು ಸಿಗದೆ ಹೊರಗೆ ನಿಲ್ಲಬಾರದು.

ಎಂಜಿನಿಯರಿಂಗ್ ಬೇಕೆನ್ನುವವರು ಮೊದಲೇ ನೋಡಿಕೊಳ್ಳಬೇಕು: ಹೆಚ್ಚಿನ ಸಣ್ಣ ಕಾಲೇಜುಗಳಲ್ಲಿ ಅದು ಇಲ್ಲವೇ ಇಲ್ಲ. ಸ್ವಾರ್ತ್‌ಮೋರ್‌ನಲ್ಲಿದೆ, ಹೆಣ್ಣುಮಕ್ಕಳ ಸ್ಮಿತ್ ಕಾಲೇಜಿನಲ್ಲಿದೆ, ಹಾರ್ವಿ ಮಡ್‌ನಲ್ಲಂತೂ ಅದೇ ಜೀವಾಳ. ಸುಮಾರು 900 ಮಕ್ಕಳ ಹಾರ್ವಿ ಮಡ್‌ನಲ್ಲಿ ಕಂಪನಿಗಳು ಕೊಡುವ ನಿಜವಾದ ಸಮಸ್ಯೆಯನ್ನು ವಿದ್ಯಾರ್ಥಿ ತಂಡ ವರ್ಷವಿಡೀ ಬಿಡಿಸುವ ‘ಕ್ಲಿನಿಕ್’ ಪದ್ಧತಿ 1960ರ ದಶಕದಿಂದ ಇದೆ. ಉಳಿದ ಕಡೆ ‘3-2’ ಎಂಬ ವ್ಯವಸ್ಥೆ: ಮೂರು ವರ್ಷ ಇಲ್ಲಿ, ಎರಡು ವರ್ಷ ಕೊಲಂಬಿಯಾದಂಥ ಕಡೆ, ಕೊನೆಗೆ ಎರಡು ಪದವಿ. ಕೇಳಲು ಸೊಗಸು. ಆದರೆ ಗೆಳೆಯರನ್ನೂ ಕೊನೆಯ ವರ್ಷವನ್ನೂ ಬಿಟ್ಟು ಹೊರಡಬೇಕು, ಮೊದಲ ಕಾಲೇಜು ಕೊಟ್ಟ ಹಣದ ನೆರವು ಎರಡನೆಯದರಲ್ಲಿ ಸಿಗುವ ಖಾತ್ರಿಯಿಲ್ಲ. ಇದನ್ನು ನಂಬಿ ಇ.ಡಿ. ಹಾಕಬೇಡಿ ಎಂದೇ ಹೇಳುತ್ತೇನೆ.

ಒಂದು ಅಡ್ಡಮಾತು. ಸಣ್ಣದೆಂದರೆ ಒಂಟಿ ಎಂದಲ್ಲ. ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜಿನವರು ಬಸ್ಸು ಹತ್ತಿ ಪಕ್ಕದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ತರಗತಿಗೆ ಹೋಗಿ ಬರಬಹುದು. ಪೊಮೋನಾ ಮತ್ತು ಹಾರ್ವಿ ಮಡ್ ಒಂದೇ ಬೀದಿಯ ನೆರೆಮನೆಗಳು. ಸುತ್ತ ಜೋಳದ ಹೊಲ ಬಿಟ್ಟರೆ ಏನೂ ಇಲ್ಲದ ಗ್ರಿನ್ನೆಲ್‌ಗೂ ಇವಕ್ಕೂ ಈ ವಿಷಯದಲ್ಲಿ ಅಜಗಜಾಂತರ.

ಪಾಸ್‌ಪೋರ್ಟಿನ ಬಣ್ಣ, ಮೈಸೂರಿನ ಸೈಟು

ಮಗಳು ಅಮೆರಿಕದ ಪ್ರಜೆ, ಸೋದರಳಿಯ ಭಾರತದ ಪ್ರಜೆ. ಒಂದೇ ಕಾಲೇಜು, ಒಂದೇ ಇ.ಡಿ., ಆದರೆ ಇಬ್ಬರಿಗೂ ಲೆಕ್ಕ ಪೂರ್ತಿ ಬೇರೆ.

ಇಂಥ ಕಾಲೇಜುಗಳ ವರ್ಷದ ಒಟ್ಟು ಖರ್ಚು ಈಗ 90,000 ಡಾಲರ್ ಆಸುಪಾಸಿನಲ್ಲಿದೆ, ಕೆಲವು ಕಡೆ ಅದನ್ನೂ ದಾಟಿದೆ. ಪ್ರಸಿದ್ಧ ಸಣ್ಣ ಕಾಲೇಜುಗಳು ‘ನಿಮಗೆ ಎಷ್ಟು ಕೊರತೆಯೋ ಅಷ್ಟನ್ನೂ ತುಂಬಿಕೊಡುತ್ತೇವೆ’ ಎನ್ನುತ್ತವೆ, ಕೊಡುತ್ತವೆ ಕೂಡ. ವಿಲಿಯಮ್ಸ್ ಸಾಲವನ್ನೇ ತೆಗೆದುಹಾಕಿ ನೆರವನ್ನೆಲ್ಲ ಅನುದಾನವಾಗಿಯೇ ಕೊಡುವುದಾಗಿ 2022ರಲ್ಲಿ ಘೋಷಿಸಿತು. ಆದರೆ ಕೊರತೆ ಎಷ್ಟೆಂದು ನಿರ್ಧರಿಸುವವರು ಅವರು, ನೀವಲ್ಲ. ಸಿಎಸ್‌ಎಸ್ ಪ್ರೊಫೈಲ್ ಎಂಬ ಫಾರಂನಲ್ಲಿ ಸಂಬಳ, ಉಳಿತಾಯ, ಮನೆ ಎಲ್ಲ ಬರೆಯಬೇಕು. ಬೇರೆ ಆಸ್ತಿಯ ಕಾಲಂ ಬಂದಾಗ ನಮ್ಮೆಜಮಾನರು ಕುರ್ಚಿಯಲ್ಲಿ ಹೊರಳಾಡಿದರು. ಇಪ್ಪತ್ತು ವರ್ಷದ ಹಿಂದೆ ಮೈಸೂರಿನ ರಿಂಗ್ ರೋಡ್ ಹತ್ತಿರ ಕೊಂಡ ಸೈಟಿದೆಯಲ್ಲ! “ಅದರಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆದಿಲ್ಲ” ಎಂದರು. ಬರೆಯಲೇಬೇಕು, ಬರೆದೆವು. ಅಂದಾಜು ಮೊತ್ತ ಮೊದಲೇ ತಿಳಿಯಲು ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಲೆಕ್ಕ ಹಾಕುವ ಸಾಧನವಿದೆ. ಅಮೆರಿಕದ ಪ್ರಜೆಗಳಿಗೆ ಅದು ತಕ್ಕಮಟ್ಟಿಗೆ ಸರಿಯಾದ ಅಂಕಿ ಕೊಡುತ್ತದೆ. ಅದು ತೋರಿಸಿದ ಮೊತ್ತವನ್ನು ನಾಲ್ಕು ವರ್ಷ ಕಟ್ಟಬಲ್ಲಿರಾದರೆ ಮಾತ್ರ ಇ.ಡಿ.ಯ ಮಾತು. ಮೂರು ಕಾಲೇಜಿನ ನೆರವಿನ ಪತ್ರಗಳನ್ನು ಮೇಜಿನ ಮೇಲೆ ಹರಡಿ ಹೋಲಿಸುವ ಭಾಗ್ಯ ರೆಗ್ಯುಲರ್‌ನವರಿಗೆ ಮಾತ್ರ. ಮೆಕಾಲಸ್ಟರ್, ಮೌಂಟ್ ಹೋಲಿಯೋಕ್‌ನಂತೆ ಅಂಕದ ಮೇಲೂ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳಿವೆ. ಅಂಥ ಹಣವನ್ನೇ ನೆಚ್ಚಿಕೊಂಡವರು ನವೆಂಬರ್‌ನಲ್ಲಿ ಕೈ ಕಟ್ಟಿಸಿಕೊಳ್ಳುವುದು ಜಾಣತನವಲ್ಲ.

ಭಾರತದಿಂದ ಹಾಕುವವರಿಗೆ ಇನ್ನೊಂದು ಬೇಲಿ. ಆಮ್ಹರ್ಸ್ಟ್ ಹಲವು ವರ್ಷಗಳಿಂದ, ಬೌಡಿನ್ 2022ರಿಂದ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೂ ಹಣದ ವಿಚಾರ ಬದಿಗಿಟ್ಟು ನೋಡುತ್ತಿವೆ. ಇಂಥವು ಬಹಳ ಕಡಿಮೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ ಸೇರಿ ಹೆಚ್ಚಿನ ಕಾಲೇಜುಗಳಲ್ಲಿ ವಿದೇಶಿಯರು ಎಷ್ಟು ನೆರವು ಕೇಳುತ್ತಾರೆ ಎಂಬುದೂ ತಕ್ಕಡಿಯಲ್ಲಿ ಬೀಳುತ್ತದೆ. ಸಿಕ್ಕರೆ ಪೂರ್ತಿ ನೆರವು, ಆದರೆ ಸಿಗುವುದೇ ಕಷ್ಟ. ‘ಈಗ ಕೇಳದೆ ಸೇರಿಕೊಂಡು ಎರಡನೇ ವರ್ಷ ಕೇಳೋಣ’ ಎಂಬ ಉಪಾಯ ಬೇಡ. ಮೊದಲು ಕೇಳದ ವಿದೇಶಿಯರಿಗೆ ಆಮೇಲೆ ಕೊಡುವುದಿಲ್ಲ ಎಂದು ಅನೇಕ ಕಾಲೇಜುಗಳು ಬರೆದೇ ಇಟ್ಟಿವೆ.

ಬೇಸಿಗೆಯ ಗಂಟು ಎಂದೆನಲ್ಲ, ಅದು ಇದು. ಪದವಿ ಮಕ್ಕಳಿಗೆ ಬೇರೆ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಇಯು ಯೋಜನೆ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಮಗಳು ಅದರಲ್ಲೇ ಹೋಗಿ ದೊಡ್ಡ ಲ್ಯಾಬ್ ನೋಡಿ ಬಂದಳು. ಸೋದರಳಿಯನಿಗೆ ಆ ದಾರಿ ಇಲ್ಲ. ಹಾಗಾಗಿ ವಿದೇಶಿ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ: ಕಾಲೇಜು ತನ್ನದೇ ದುಡ್ಡಿನಲ್ಲಿ ಬೇಸಿಗೆಗೆ ಎಷ್ಟು ಮಕ್ಕಳನ್ನು ಲ್ಯಾಬ್‌ನಲ್ಲಿ ಇಟ್ಟುಕೊಳ್ಳುತ್ತದೆ, ಪೌರತ್ವ ನೋಡುತ್ತದೆಯೇ? ಇದಕ್ಕೆ ಒಳ್ಳೆಯ ಉತ್ತರವಿರುವ ಸಣ್ಣ ಕಾಲೇಜು ವಿದೇಶಿ ಮಗುವಿಗೆ ದೊಡ್ಡ ವಿಶ್ವವಿದ್ಯಾಲಯಕ್ಕಿಂತ ವಾಸಿ. ಪದವಿಯ ನಂತರ ಕೆಲಸ ಮಾಡಲು ಈಗಿನ ನಿಯಮದಂತೆ 12 ತಿಂಗಳು, ವಿಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಅದು ಬಿ.ಎ.ಯೋ ಬಿ.ಎಸ್.ಓ ಎನ್ನುವುದರ ಮೇಲಲ್ಲ, ಓದಿದ ವಿಷಯದ ಸರ್ಕಾರಿ ಸಂಕೇತದ ಮೇಲೆ ನಿಂತಿದೆ. ಡಾಕ್ಟರ್ ಆಗುವ ಕನಸಿದ್ದರೆ ಮಾತ್ರ ಈ ದಾರಿ ಬೇಡವೇ ಬೇಡ. ಅಲ್ಲಿನ ಮೆಡಿಕಲ್ ಕಾಲೇಜುಗಳಲ್ಲಿ ವಿದೇಶಿಯರಿಗೆ ಬಾಗಿಲು ಬಹುತೇಕ ಮುಚ್ಚಿದೆ.

ಹಾಕುವುದೇ ಆದರೆ

ನನ್ನ ಮಟ್ಟಿಗೆ ಇ.ಡಿ. ಸರಿಹೋಗುವುದು ಮೂರು ಒಟ್ಟಿಗೆ ಕೂಡಿದಾಗ: ಖರ್ಚಿನ ಅಂಕಿ ಮೊದಲೇ ಗೊತ್ತಿದ್ದು ಅದನ್ನು ಕಟ್ಟಬಲ್ಲಿರಿ, ಕಳೆದ ನಾಲ್ಕು ಸೆಮಿಸ್ಟರ್‌ಗಳಲ್ಲಿ ನಿಜವಾಗಿ ನಡೆದ ಕೋರ್ಸುಗಳ ಪಟ್ಟಿ (ಕೈಪಿಡಿಯದಲ್ಲ, ವೇಳಾಪಟ್ಟಿಯದು) ನೋಡಿ ತೃಪ್ತಿಯಾಗಿದೆ, ಆ ಕಾಲೇಜು ಸಿಕ್ಕಿ ಬೇರೆಲ್ಲ ಕೈತಪ್ಪಿದರೂ ಮಗುವಿಗೆ ಬೇಸರವಿಲ್ಲ. ಒಂದು ಕಡಿಮೆಯಾದರೂ ಅರ್ಲಿ ಆ್ಯಕ್ಷನ್ ಮತ್ತು ರೆಗ್ಯುಲರ್ ಸಾಕು. ಎರಡರ ನಡುವೆ ತೂಗಾಡುವವರಿಗೆ ಜನವರಿಯ ಎರಡನೇ ಇ.ಡಿ. ಒಳ್ಳೆಯದು. ಆ ಎರಡು ತಿಂಗಳಲ್ಲಿ ಹದಿನೇಳು ವರ್ಷದ ಮಕ್ಕಳು ಎಷ್ಟು ಬದಲಾಗುತ್ತಾರೆ ಎಂದು ಸಾಕಿದವರಿಗೇ ಗೊತ್ತು.

ಪರೀಕ್ಷಿಸುವ ಇನ್ನೊಂದು ಬಗೆ ಇದೆ, ಖರ್ಚಿಲ್ಲದ್ದು. ವಿಭಾಗದ ಅಧ್ಯಾಪಕರ ಪುಟಗಳಿಗೆ ಹೋಗಿ ಅವರ ಪ್ರಬಂಧಗಳ ಪಟ್ಟಿ ತೆರೆಯಿರಿ. ಪದವಿ ವಿದ್ಯಾರ್ಥಿಗಳ ಹೆಸರಿನ ಮೇಲೆ ನಕ್ಷತ್ರ ಚಿಹ್ನೆ ಹಾಕುವುದು ಸಣ್ಣ ಕಾಲೇಜುಗಳಲ್ಲಿ ರೂಢಿ. ಐದು ವರ್ಷದಲ್ಲಿ ಒಂದೂ ನಕ್ಷತ್ರ ಕಾಣದಿದ್ದರೆ ‘ನಮ್ಮಲ್ಲಿ ಎಲ್ಲರಿಗೂ ಸಂಶೋಧನೆ’ ಎಂಬ ಬ್ಯಾನರ್ ಅನ್ನು ಮರೆತುಬಿಡಿ. ಒಬ್ಬ ಪ್ರೊಫೆಸರ್‌ಗೆ ಮಗುವೇ ಒಂದು ಚಿಕ್ಕ ಇಮೇಲ್ ಬರೆಯಲಿ. ಮಗಳು ಹೀಗೆ ಬರೆದದ್ದಕ್ಕೆ ಒಬ್ಬರು ಮರುದಿನವೇ ಎರಡು ಪುಟ ಉತ್ತರ ಬರೆದರು. ಅವಳು ಆ ಕಾಲೇಜು ಆರಿಸಿದ್ದು ನಿಜವಾಗಿ ಆ ಇಮೇಲಿನಿಂದ.

ಇದೇ ಬಗೆಯ ಓದು ಊರ ಹತ್ತಿರವೇ ಬೇಕೆನ್ನುವವರು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಸೋನಿಪತ್‌ನ ಅಶೋಕ, ಶ್ರೀಸಿಟಿಯ ಕ್ರಿಯಾಗಳನ್ನೂ ನೋಡಬೇಕು. ಬಗೆ ಬೇರೆಯಾದರೂ 2011ರಲ್ಲಿ ಶುರುವಾದ ಐಐಎಸ್‌ಸಿಯ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಈ ಪಟ್ಟಿ ಮಾಡುವುದು ತಪ್ಪಾಗುತ್ತದೆ.

ಸೋದರಳಿಯ ಕೊನೆಗೆ ನವೆಂಬರ್‌ನಲ್ಲಿ ಒಂದು ಕಡೆ ಇ.ಡಿ. ಹಾಕಿದ, ನೆರವು ಕೇಳಿಯೇ. ಡಿಸೆಂಬರ್‌ನಲ್ಲಿ ಮುಂದೂಡಿದರು, ಮಾರ್ಚ್‌ನಲ್ಲಿ ಇಲ್ಲವೆಂದರು. ಈಗ ಬೆಂಗಳೂರಿನಲ್ಲೇ ಫಿಸಿಕ್ಸ್ ಓದುತ್ತಿದ್ದಾನೆ. ಅತ್ತೆಗೆ ಹಾಸ್ಟೆಲಿನ ಚಿತ್ರಾನ್ನದ ಫೋಟೋ ಕಳಿಸುತ್ತಿರುತ್ತಾನೆ, ಚೆನ್ನಾಗಿದ್ದಾನೆ. ಅವನ ಅರ್ಜಿಯ ಸಮಯದಲ್ಲಿ ನಮಗೆ ಹೆಚ್ಚು ಕಾಟ ಕೊಟ್ಟದ್ದು ಪ್ರಬಂಧವೂ ಅಲ್ಲ, ಎಸ್ಎಟಿ ಎಂಬ ಪ್ರವೇಶ ಪರೀಕ್ಷೆಯೂ ಅಲ್ಲ, ಕಾಗದಪತ್ರ. ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇಲ್ಲ, ಆ ಕೆಲಸ ಪ್ರಿನ್ಸಿಪಾಲರ ತಲೆಗೆ ಬೀಳುತ್ತದೆ. ಬೋರ್ಡ್ ಪರೀಕ್ಷೆಗೆ ಮೊದಲೇ ‘ಇವನು ಇಷ್ಟು ತೆಗೆಯಬಹುದು’ ಎಂದು ನಿರೀಕ್ಷಿತ ಅಂಕ ಬರೆದುಕೊಡಿ ಎಂದರೆ “ಅದು ಹೇಗ್ರೀ ಬರೆಯೋದು, ನಾನೇನು ಜ್ಯೋತಿಷಿನಾ?” ಎಂದು ಅವರು ಕೇಳಿದ್ದು ನ್ಯಾಯವೇ. ಒಂಬತ್ತನೇ ತರಗತಿಯಿಂದ ಫಸ್ಟ್ ಪಿಯುಸಿವರೆಗಿನ ಅಂಕಪಟ್ಟಿ, ಮಧ್ಯವಾರ್ಷಿಕ ಪರೀಕ್ಷೆಯ ಅಂಕ, ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ, ಇ.ಡಿ. ಕರಾರಿಗೆ ಸಹಿ ಇವೆಲ್ಲ ಆಗಬೇಕು. ಆಗಸ್ಟ್‌ನಲ್ಲೇ ಹೋಗಿ ಕೂತು ವಿವರಿಸಿ. ದಸರಾ ರಜೆ ಶುರುವಾದರೆ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ, ರಜೆ ಮುಗಿಯುವಷ್ಟರಲ್ಲಿ ನವೆಂಬರ್ 1 ಬಾಗಿಲಲ್ಲಿ ನಿಂತಿರುತ್ತದೆ. ಎರಡನೇ ಇ.ಡಿ.ಗೆ ಹಾಕುವವರು ಆ ಸಹಿಯನ್ನು ಪ್ರಿಪರೇಟರಿ ಪರೀಕ್ಷೆಯ ಗಡಿಬಿಡಿಗೆ ಮೊದಲೇ ಮುಗಿಸಿಕೊಳ್ಳಿ.